ಬ್ರಹ್ಮಕಮಲ ಅರಳಿದ 36 ಸೆಕೆಂಡ್

ನಮ್ಮ ಮನೆ ತೀರ್ಥಹಳ್ಳಿಯಲ್ಲಿ. ಜಗುಲಿಯ ಮೂಲೆಯಲ್ಲಿ ಅಮ್ಮ ಬೆಳೆಸಿದ ಬ್ರಹ್ಮಕಮಲದ ಕುಂಡ ಇದೆ. ಯಾರದೋ ಮನೆಯಿಂದ ಒಂದು ಎಲೆ ತಂದು ನೆಟ್ಟಿದ್ದು, ಈಗ ನನ್ನ ಎದೆಮಟ್ಟ ಬೆಳೆದಿದೆ. ಹಿಮಾಲಯದ ಬ್ರಹ್ಮಕಮಲವೇ ಬೇರೆ. ಇದು ಮೆಕ್ಸಿಕೊ ಕಡೆಯ ಕಳ್ಳಿ ಜಾತಿಯ ಗಿಡ. ಆದರೆ ನಮ್ಮ ಕಡೆ ಎಲ್ಲರಿಗೂ ಇದೇ ಬ್ರಹ್ಮಕಮಲ.

ಸಂಜೆ ಮೊಗ್ಗು, ನಡುರಾತ್ರಿಗೆ ಅಂಗೈ ಮೀರಿದ ಹೂ, ಬೆಳಗಾಗುವಷ್ಟರಲ್ಲಿ ಬಾಡಿ ಜೋತು ಬಿದ್ದಿರುತ್ತದೆ. ಎದುರಿಗೇ ಕೂತು ನೋಡಿದರೂ ಎಸಳು ಅಲ್ಲಾಡಿದ್ದು ಗೊತ್ತಾಗುವುದಿಲ್ಲ. ಒಳಗೆ ಹೋಗಿ ಊಟ ಮಾಡಿ ಬಂದಾಗ ಮಾತ್ರ, ಅರೆ, ಇಷ್ಟು ತೆರೆದುಕೊಂಡಿತಾ ಅನ್ನಿಸುತ್ತದೆ. ಆ ಚಲನೆಯನ್ನು ನೋಡಬೇಕು ಎಂಬ ಆಸೆಯಿಂದಲೇ ನಾನು ಟೈಮ್‌ಲ್ಯಾಪ್ಸ್ ಕಲಿತೆ. ಕೈಯಲ್ಲಿ ಇದ್ದಿದ್ದು ಒಂದು ಆಂಡ್ರಾಯ್ಡ್ ಫೋನ್, ಒಂದು ಸಾಧಾರಣ ಟ್ರೈಪಾಡ್.

ಮೊದಲು ಅಭ್ಯಾಸ ಮಾಡಿದ್ದು ತಾರಸಿಯ ಮೇಲೆ, ಮೋಡಗಳ ಜೊತೆ. ಟೈಮ್‌ಲ್ಯಾಪ್ಸ್ ಎಂದರೆ ಗೊತ್ತಾದ ಹೊತ್ತಿಗೊಂದು ಫೋಟೋ ತೆಗೆದು, ಎಲ್ಲವನ್ನೂ ಸೇರಿಸಿ ವೇಗವಾಗಿ ಓಡಿಸುವುದು. ನಾನು 30 ಸೆಕೆಂಡಿಗೊಂದು ಫೋಟೋ ಇಟ್ಟೆ. ಓಡಿಸಿ ನೋಡಿದರೆ ಮೋಡಗಳು ಕಪ್ಪೆಯ ಹಾಗೆ ಕುಪ್ಪಳಿಸುತ್ತಿದ್ದವು. ಮಳೆಗಾಲದಲ್ಲಿ ಕೆಳಗೇ ಓಡುವ ಮೋಡಕ್ಕೆ 2 ಸೆಕೆಂಡ್ ಇರಬೇಕು. ನಿಧಾನದ ಬಿಳಿ ಮೋಡಕ್ಕೆ 5 ಸೆಕೆಂಡ್ ಸಾಕು. ಯಾವುದು ಎಷ್ಟು ವೇಗದಲ್ಲಿ ಬದಲಾಗುತ್ತದೆ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಇದರ ಲೆಕ್ಕ ಸುಲಭ. ವಿಡಿಯೊದ ಒಂದು ಸೆಕೆಂಡಿಗೆ 25 ಫೋಟೋ ಬೇಕು. ಹತ್ತು ಸೆಕೆಂಡಿನ ವಿಡಿಯೊ ಅಂದರೆ 250 ಫೋಟೋ. 5 ಸೆಕೆಂಡಿಗೊಂದರಂತೆ ತೆಗೆದರೆ ಸುಮಾರು 21 ನಿಮಿಷ ಫೋನ್ ಅಲ್ಲಾಡದೆ ನಿಂತಿರಬೇಕು. ಶುರು ಮಾಡುವ ಮುಂಚೆ ನಾನು ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ.

ಹೂವಿನ ಮೊದಲ ಪ್ರಯತ್ನ ಕೆಟ್ಟಿತು. ಫೋನಿನಲ್ಲೇ ಇರುವ ಟೈಮ್‌ಲ್ಯಾಪ್ಸ್ ಮೋಡ್ ಒತ್ತಿ ಹೋಗಿ ಮಲಗಿಬಿಟ್ಟಿದ್ದೆ. ಮಧ್ಯೆ ಮಧ್ಯೆ ಫೋಕಸ್ ಹಿಂದಿನ ಗೋಡೆಗೆ ಹೋಗಿತ್ತು. ಇನ್ನೊಂದು ತೊಂದರೆ ನಾನು ಊಹಿಸಿಯೇ ಇರಲಿಲ್ಲ. ಹೂ ಅರಳುತ್ತಾ ಹೋದಂತೆ ಚಿತ್ರವೇ ಕಪ್ಪಾಗುತ್ತಾ ಹೋಯಿತು! ಎಸಳು ಬಿಳಿ, ಅದು ದೊಡ್ಡದಾದಂತೆ ಚೌಕಟ್ಟಿನಲ್ಲಿ ಬಿಳಿ ಜಾಸ್ತಿಯಾಗುತ್ತದೆ. ಬೆಳಕು ಹೆಚ್ಚಾಯಿತು ಎಂದುಕೊಂಡು ಫೋನ್ ತಾನಾಗಿ ತಗ್ಗಿಸುತ್ತದೆ. ಹೂ ಅರಳುವುದಕ್ಕೂ ಈ ತಗ್ಗಿಸುವಿಕೆಗೂ ಜಗಳ ಬಿದ್ದು ಇಡೀ ವಿಡಿಯೊ ಮಿಣುಮಿಣುಕುತ್ತಿತ್ತು. ಮುಂದಿನ ಹೂವಿಗೆ ಒಂದು ವರ್ಷ ಕಾದೆ.

ಆ ವರ್ಷ ಅಮ್ಮನನ್ನು ಸರಿಯಾಗಿ ಕೇಳಿದೆ. "ಯಾವತ್ತು ಅರಳುತ್ತೆ ಅಂತ ಹೇಗೆ ಗೊತ್ತಾಗುತ್ತಮ್ಮಾ?"

"ಮೊಗ್ಗು ಕೆಳಗೆ ಜೋತಿರುತ್ತಲ್ಲ, ಅದು ತಲೆ ಎತ್ತುತ್ತೆ ಕಣೇ. ಹೊಟ್ಟೆ ಉಬ್ಬುತ್ತೆ. ಬೆಳಿಗ್ಗೆ ಹಾಗೆ ಕಂಡರೆ ಅವತ್ತು ರಾತ್ರಿನೇ."

ಅಮ್ಮನ ಈ ಮಾತಿನಲ್ಲಿ ಎರಡು ವಿಷಯ ಸಿಕ್ಕಿದವು. ಒಂದು, ಯಾವ ರಾತ್ರಿ ಎಂಬುದು. ಇನ್ನೊಂದು, ಹೂ ಇದ್ದ ಜಾಗದಲ್ಲೇ ಇರುವುದಿಲ್ಲ, ಮೇಲೆ ಏಳುತ್ತದೆ ಎಂಬುದು. ಹಾಗಾಗಿ ಮೊಗ್ಗನ್ನು ಚೌಕಟ್ಟಿನ ನಡುವೆ ಇಡದೆ ಸ್ವಲ್ಪ ಕೆಳಗಿಟ್ಟೆ. ಸುತ್ತ ಧಾರಾಳ ಜಾಗ ಬಿಟ್ಟೆ. ಜಾಗ ಜಾಸ್ತಿಯಾದರೆ ಚಿಂತೆಯಿಲ್ಲ. ನನ್ನ ಫೋನಿನ ಫೋಟೋ 4000 ಪಿಕ್ಸೆಲ್ ಅಗಲ, ಫುಲ್ ಎಚ್‌ಡಿ ವಿಡಿಯೊಗೆ 1920 ಸಾಕು. ಆಮೇಲೆ ಕತ್ತರಿಸಬಹುದು. ಚೌಕಟ್ಟಿನ ಆಚೆ ಹೋದ ಎಸಳನ್ನು ಮಾತ್ರ ವಾಪಸ್ ತರಲು ಆಗುವುದಿಲ್ಲ.

ಕುಂಡವನ್ನು ಜಗುಲಿಯಿಂದ ಒಳಕೋಣೆಗೆ ತಂದೆವು. ಗಾಳಿಗೆ ತೊಟ್ಟು ತೂಗಿದರೆ ಹೂ ನಡುಗಿದಂತೆ ಕಾಣುತ್ತದೆ. ಕಿಟಕಿ ಮುಚ್ಚಿದೆವು, ಫ್ಯಾನ್ ಆರಿಸಿದೆವು. ಹಿಂದೆ ಒಂದು ಕರಿ ಕಂಬಳಿ ಇಳಿಬಿಟ್ಟೆ. ಎಲ್‌ಇಡಿ ಬಲ್ಬಿನ ಮುಂದೆ ಅಪ್ಪನ ಹಳೇ ಬಿಳಿ ಪಂಚೆ ಕಟ್ಟಿದೆ, ಬೆಳಕು ಮೆತ್ತಗಾಯಿತು. ಬಲ್ಬು ಇನ್ವರ್ಟರ್ ಲೈನಿನಲ್ಲಿತ್ತು. ಮಲೆನಾಡಿನ ಮಳೆಗಾಲದಲ್ಲಿ ಇದನ್ನು ಮರೆಯುವ ಹಾಗಿಲ್ಲ.

ಫೋನಿನಲ್ಲಿ ಓಪನ್ ಕ್ಯಾಮೆರಾ ಎಂಬ ಉಚಿತ ಆ್ಯಪ್ ಬಳಸಿದೆ. ಇಷ್ಟಿಷ್ಟು ಸೆಕೆಂಡಿಗೊಂದು ಫೋಟೋ ತೆಗೆಯುತ್ತಲೇ ಇರು ಎಂದು ಅದಕ್ಕೆ ಹೇಳಬಹುದು. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬುದು, 200. ಶಟರ್, ಅಂದರೆ ಒಂದು ಫೋಟೋಗೆ ಬೆಳಕು ಬಿಡುವ ಹೊತ್ತು, 1/25 ಸೆಕೆಂಡ್. ಫೋಕಸ್, ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ ಹೊಂದಿಸುವುದು) ಎರಡನ್ನೂ ಫೋನ್ ತಾನಾಗಿ ಬದಲಿಸದ ಹಾಗೆ ಕೈಯಾರೆ ನಿಲ್ಲಿಸಿದೆ. ನಮ್ಮ ಕರೆಂಟು 50 ಹರ್ಟ್ಸ್, ಕೆಲವು ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ತೀರಾ ಚುರುಕಾಗಿದ್ದರೆ ಚಿತ್ರದಲ್ಲಿ ಪಟ್ಟೆ ಬೀಳುತ್ತದೆ, 1/25ರಲ್ಲಿ ಬೀಳಲಿಲ್ಲ. ಬೆಳಕಿನ ಮಟ್ಟ ಹೊಂದಿಸಲು ಒಂದು ಉಪಾಯ ಮಾಡಿದೆ. ಮೊಗ್ಗಿನ ಪಕ್ಕ ಒಂದು ಬಿಳಿ ಕಾಗದ ಹಿಡಿದು, ಅದು ಸುಟ್ಟಂತೆ ಬೆಳ್ಳಗಾಗದ ಹಾಗೆ ನೋಡಿಕೊಂಡೆ. ಶುರುವಿನಲ್ಲಿ ಚಿತ್ರ ಸ್ವಲ್ಪ ಮಬ್ಬು ಕಾಣುತ್ತದೆ. ಇರಲಿ. ಅರಳಿದಾಗ ಎಸಳಿನ ಗೆರೆ ಉಳಿಯಬೇಕು, ಅದೇ ಮುಖ್ಯ ಅಲ್ವಾ?

ಸಂಜೆ 7ರಿಂದ ರಾತ್ರಿ 12, ಒಟ್ಟು 5 ಗಂಟೆ. 20 ಸೆಕೆಂಡಿಗೊಂದರಂತೆ 900 ಫೋಟೋ, ಅಂದರೆ 36 ಸೆಕೆಂಡಿನ ವಿಡಿಯೊ. ಒಂದೊಂದು ಫೋಟೋ 4 ಎಂಬಿ, ಹಾಗಾಗಿ ನಾಲ್ಕು ಜಿಬಿ ಖಾಲಿ ಮಾಡಿಕೊಂಡೆ. ಚಾರ್ಜರ್ ಮೊದಲೇ ಸಿಕ್ಕಿಸಿ, ಫ್ಲೈಟ್ ಮೋಡ್ ಹಾಕಿ, ಫೋನಿನ ಕವರ್ ಬಿಚ್ಚಿದೆ. ಕವರ್ ಇದ್ದರೆ ಬೇಗ ಬಿಸಿಯಾಗುತ್ತದೆ. ಆಮೇಲೆ ಫೋನ್ ಮುಟ್ಟಲಿಲ್ಲ. ಎಷ್ಟಾಯಿತು ಎಂದು ಸುಮ್ನೆ ಪರದೆ ತಟ್ಟಿದರೂ ಟ್ರೈಪಾಡ್ ಕೂದಲೆಳೆಯಷ್ಟು ಸರಿಯುತ್ತದೆ, ವಿಡಿಯೊದಲ್ಲಿ ಅದು ಧಡಕ್ ಎಂದು ಕಾಣುತ್ತದೆ.

ಒಂಬತ್ತೂವರೆಗೆ ಅಕ್ಕಪಕ್ಕದವರು ಬಂದರು. ಬ್ರಹ್ಮಕಮಲ ಅರಳುವ ರಾತ್ರಿ ನೋಡಲು ಬರುವುದು ನಮ್ಮಲ್ಲಿ ರೂಢಿ, ಬೇಡ ಎನ್ನಲು ನನಗೂ ಮನಸ್ಸಿಲ್ಲ. ಆರತಿಯನ್ನು 12ರ ಮೇಲೆ ಇಟ್ಟುಕೊಳ್ಳೋಣ ಎಂದು ಅಮ್ಮನೇ ಎಲ್ಲರಿಗೂ ಹೇಳಿದರು. ಆದರೂ ಕೆಲವರ ಫೋನ್ ಫ್ಲ್ಯಾಶ್ ಹೊಡೆಯಿತು. 11 ಫೋಟೋ ಹಾಳಾದವು, ಅಳಿಸಿದೆ. ಬಿಡಿಬಿಡಿಯಾಗಿ ಒಂದೊಂದು ಹೋದರೆ ಕಣ್ಣಿಗೆ ತಿಳಿಯುವುದಿಲ್ಲ. ಒಟ್ಟಿಗೆ ಹತ್ತು ಹೋಗಿದ್ದರೆ ಹೂ ಜಿಗಿದಂತೆ ಕಾಣುತ್ತಿತ್ತು.

ಜೋಡಿಸುವ ಕೆಲಸ ಮರುದಿನ. ಎಲ್ಲ ಫೋಟೋಗಳಿಗೆ ಒಂದರಿಂದ ಕ್ರಮವಾಗಿ ಸಂಖ್ಯೆ ಕೊಟ್ಟೆ. ವಿಡಿಯೊ ಜೋಡಿಸುವ ತಂತ್ರಾಂಶ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಗೆ ಹಾಕಿದರೆ, ಸಂಖ್ಯೆ ಸಾಲಾಗಿರುವುದನ್ನು ನೋಡಿ ಅದು ಒಂದೇ ವಿಡಿಯೊ ತುಣುಕಾಗಿ ಎತ್ತಿಕೊಳ್ಳುತ್ತದೆ. ಸೆಕೆಂಡಿಗೆ 25 ಫ್ರೇಮ್ (ಫೋಟೋ) ಎಂದು ಮೊದಲೇ ಹೇಳಿರಬೇಕು. ಉಳಿದಿದ್ದು ಅಂಚು ಕತ್ತರಿಸುವುದು ಅಷ್ಟೇ.

ಅಮ್ಮನಿಗೆ ತೋರಿಸಿದೆ. ಮೊದಲು ಹೊರಗಿನ ಕೆಂಬಣ್ಣದ ಸಣ್ಣ ಎಸಳುಗಳು ಹಿಂದಕ್ಕೆ ಬಾಗುತ್ತವೆ, ಆಮೇಲೆ ಬಿಳಿ ಎಸಳು ಒಂದರ ಹಿಂದೊಂದು ಬಿಚ್ಚುತ್ತವೆ. ಎಂಟೂವರೆಯಿಂದ ಹತ್ತರೊಳಗೆ ಅವಸರ ಜಾಸ್ತಿ, ಆಮೇಲೆ ನಿಧಾನ. ಅಷ್ಟು ವರ್ಷ ಆ ಗಿಡಕ್ಕೆ ನೀರು ಹಾಕಿದವರು ಕನ್ನಡಕ ಸರಿಮಾಡಿಕೊಂಡು ನಾಲ್ಕು ಸಲ ಹಾಕಿಸಿ ನೋಡಿದರು. "ಬಾಡೋದನ್ನೂ ತೆಗಿ" ಎಂದರು.

ಈ ಸಲ ಐದು ಮೊಗ್ಗು ಕಟ್ಟಿದೆ. ಬಾಡುವುದನ್ನು ಹಿಡಿಯಲು ನಸುಕಿನ 3ಕ್ಕೆ ಶುರುಮಾಡಬೇಕು. ಆರರ ಹೊತ್ತಿಗೆ ಕಿಟಕಿಯಿಂದ ಬೆಳಕು ಬಂದು ಚಿತ್ರದ ಬಣ್ಣವೇ ಬದಲಾಗುತ್ತದೆ. ಅದಕ್ಕೇ ಇನ್ನೊಂದು ಕಂಬಳಿ ಹುಡುಕಿಟ್ಟಿದ್ದೇನೆ, ಕಿಟಕಿಗೆ ಕಟ್ಟಲು.