ವ್ಯಾಟ್ ನೋಡಿ ಲೈಟ್ ತಗೊಂಡೆ, ಬೆಳೆದಿದ್ದು ಬರೀ ಪಾಚಿ

ನನ್ನದು ಎರಡಡಿ ಮೀನಿನ ಟ್ಯಾಂಕು, ಒಳಗೆ ಆನುಬಿಯಾಸ್, ಜಾವಾ ಫರ್ನ್, ಒಂದಿಷ್ಟು ವ್ಯಾಲಿಸ್ನೇರಿಯಾ ಅನ್ನೋ ನೀರಿನ ಗಿಡಗಳು, ಗಿಡಕ್ಕೆ ಅಂತ ಬಿಡೋ ಸಿಓಟು (ಕಾರ್ಬನ್ ಡೈಆಕ್ಸೈಡ್) ಗಿಓಟು ಏನೂ ಇಲ್ಲ. ಅಂಗಡಿಯವ್ರು 'ಗಿಡ ಇದ್ರೆ ವ್ಯಾಟ್ ಜಾಸ್ತಿ ಇರ್ಬೇಕು ಸಾರ್' ಅಂದ್ರು, 36 ವ್ಯಾಟ್‌ದು ತಂದು ಹಾಕ್ದೆ, ಮೂರೇ ವಾರಕ್ಕೆ ಆನುಬಿಯಾಸ್ ಎಲೆ ಮೇಲೆಲ್ಲ ಪಾಚಿ, ಗಾಜು ಹಸಿರು ಪೇಂಟ್ ಹೊಡೆದಂಗೆ.

ಆಮೇಲೆ ಕೂತು ಓದಿದ್ಮೇಲೆ ಗೊತ್ತಾಯ್ತು, ವ್ಯಾಟ್ ಅಂದ್ರೆ ಕರೆಂಟು ಎಷ್ಟು ತಿನ್ನುತ್ತೆ ಅಂತ ಅಷ್ಟೇ, ಆ ಲೆಕ್ಕ ಹಳೇ ಟ್ಯೂಬ್‌ಲೈಟ್ ಕಾಲದ್ದು. ಲ್ಯೂಮೆನ್ ನಮ್ಮ ಕಣ್ಣಿನ ಲೆಕ್ಕ, ಕಣ್ಣಿಗೆ 555 ನ್ಯಾನೋಮೀಟರ್ ಹತ್ರದ ಹಸಿರು ಬೆಳಕೇ ಜೋರಾಗಿ ಕಾಣೋದು. ಗಿಡಕ್ಕೆ ಬೇಕಾಗಿರೋದು ಪಾರ್, ಅಂದ್ರೆ 400ರಿಂದ 700 ನ್ಯಾನೋಮೀಟರ್ ಒಳಗಿನ ಬೆಳಕಿನ ಕಣ ಒಂದು ಚದರ ಮೀಟರ್ ಜಾಗದ ಮೇಲೆ ಸೆಕೆಂಡಿಗೆ ಎಷ್ಟು ಬೀಳ್ತವೆ ಅಂತ. ಕೆಲ್ವಿನ್ ಬರೀ ಬಣ್ಣ ಹೇಳುತ್ತೆ, 10000 ಅಂತ ಬರೆದಿದ್ರೆ ನೀಲಿ ಜಾಸ್ತಿ, ಬೆಳಕು ಜಾಸ್ತಿ ಅಂತಲ್ಲ.

ಪಾರ್ ಮೀಟರಿಗೆ ಕೊಡೋ ದುಡ್ಡಲ್ಲಿ ಇನ್ನೊಂದು ಟ್ಯಾಂಕೇ ಬರುತ್ತೆ. ಹಂಗಾಗಿ ಟ್ಯಾಂಕ್ ತೊಳೆಯೋ ದಿನ ಮೀನುಗಳ್ನ ಬಕೆಟ್ಟಿಗೆ ಹಾಕಿ, ಖಾಲಿ ಟ್ಯಾಂಕಿನ ತಳದಲ್ಲಿ ಫೋನ್ ಅಂಗಾತ ಮಲಗಿಸಿ ಲಕ್ಸ್ (ಒಂದು ಚದರ ಮೀಟರಿಗೆ ಎಷ್ಟು ಲ್ಯೂಮೆನ್ ಬೀಳುತ್ತೆ ಅನ್ನೋದು) ಅಳೆಯೋ ಆ್ಯಪ್ ಆನ್ ಮಾಡ್ದೆ. 7000 ಲಕ್ಸ್! ಬಿಳಿ ಎಲ್‌ಇಡಿ ಆದ್ರೆ ಲಕ್ಸನ್ನ 70ರಿಂದ ಭಾಗಿಸಿದ್ರೆ ಹೆಚ್ಚುಕಮ್ಮಿ ಪಾರ್ ಸಿಗುತ್ತೆ, ಅಂದ್ರೆ 100. ನನ್ನ ಗಿಡಗಳಿಗೆ 20-40 ಸಾಕು, ಉಳಿದಿದ್ದೆಲ್ಲ ಪಾಚಿಗೆ ಊಟ ಹಾಕಿದಂಗೆ.

ಒಂದು ವಿಷ್ಯ, ಕೆಂಪು-ನೀಲಿ ಮಿಕ್ಸ್ ಲೈಟಿಗೆ ಈ 70ರ ಲೆಕ್ಕ ಹಾಕ್ಬೇಡಿ, ಲಕ್ಸ್ ಕಮ್ಮಿ ತೋರ್ಸುತ್ತೆ, ಪಾರ್ ಜಾಸ್ತಿನೇ ಇರುತ್ತೆ. ಫೋನಿಂದ ಫೋನಿಗೂ ವ್ಯತ್ಯಾಸ ಇದೆ, ನನ್ನದು 3300 ಅಂದ ಜಾಗದಲ್ಲೇ ತಮ್ಮನದು 2800 ಅಂತು.

ಈಗ ಹಾಕಿರೋದು ಎಲೆಕ್ಟ್ರಿಕಲ್ ಅಂಗಡಿಯ ಸಾದಾ 10 ವ್ಯಾಟ್ ಬ್ಯಾಟನ್ (ಉದ್ದ ಪಟ್ಟಿ ಥರದ ಲೈಟು), 6500 ಕೆಲ್ವಿನ್, 1000 ಲ್ಯೂಮೆನ್. ಟ್ಯಾಂಕಿನ ತಳ 60 ಇಂಟು 30 ಸೆಂಟಿಮೀಟರ್, ಅಂದ್ರೆ 0.18 ಚದರ ಮೀಟರ್, 1000ನ ಅದ್ರಿಂದ ಭಾಗಿಸಿದ್ರೆ ಹೆಚ್ಚುಕಮ್ಮಿ 5500 ಲಕ್ಸ್, ಅದ್ರಲ್ಲಿ ಅರ್ಧ ಆಚೀಚೆ ಹೋಗುತ್ತೆ ಅಂತ ಮೊದ್ಲೇ ಲೆಕ್ಕ ಹಾಕಿಕೊಂಡೇ ತಂದಿದ್ದು. ಅಳೆದ್ರೆ ನಡುವೆ 2800 ಲಕ್ಸ್, ಅಂದ್ರೆ ಪಾರ್ 40, ಮೂಲೆಯಲ್ಲಿ 1300, ಅಂದ್ರೆ 20ರ ಹತ್ರ. ಆನುಬಿಯಾಸನ್ನ ಮೂಲೆಗೆ ತಳ್ಳಿದೆ, ಟೈಮರ್ 7 ಗಂಟೆಗೆ ಇಟ್ಟೆ. ಫಿಲ್ಟರ್ ಪೈಪಲ್ಲಿ ಸ್ವಲ್ಪ ಪಾಚಿ ಇನ್ನೂ ಬರ್ತಿದೆ, ಅದನ್ನ ಭಾನುವಾರ ಹಳೇ ಟೂತ್‌ಬ್ರಷ್ಷಲ್ಲಿ ಉಜ್ತೀನಿ.