ಜ್ವರದ ಮಗು ಎಮರ್ಜೆನ್ಸಿಗೆ ಬಂದಾಗ: ವೈದ್ಯರು ಏನನ್ನು, ಯಾವ ಕ್ರಮದಲ್ಲಿ ನೋಡುತ್ತಾರೆ?

ಜ್ವರ ಬಂದ ಮಕ್ಕಳಲ್ಲಿ ಹೆಚ್ಚಿನವರದು ವೈರಸ್ ಜ್ವರ. ಕೆಲವು ದಿನಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆದರೆ ಅದೇ ಸಾಲಿನಲ್ಲಿ ಕೂತ ಯಾವುದೋ ಒಂದು ಮಗುವಿಗೆ ನ್ಯುಮೋನಿಯಾ, ಮೂತ್ರದ ಸೋಂಕು, ಮೆದುಳಿನ ಪೊರೆಯ ಸೋಂಕು ಇಲ್ಲವೇ ಸೆಪ್ಸಿಸ್ (ಸೋಂಕಿಗೆ ದೇಹದ ಪ್ರತಿಕ್ರಿಯೆ ಹದ್ದುಮೀರಿ ಅಂಗಾಂಗಗಳೇ ಕೆಡುವ ಸ್ಥಿತಿ) ಇರಬಹುದು. ಆ ಮಗುವನ್ನು ಬೇಗ ಪತ್ತೆ ಹಚ್ಚುವುದೇ ತುರ್ತು ವಿಭಾಗದ ಕೆಲಸ. ಅದಕ್ಕೊಂದು ಕ್ರಮ ಇದೆ. ಹೆತ್ತವರಿಗೂ ಅದು ಗೊತ್ತಿದ್ದರೆ ಒಳ್ಳೆಯದು.

ಮೊದಲು ದೂರದಿಂದಲೇ ನೋಡುವುದು

ಸ್ಟೆತಸ್ಕೋಪ್ ಕಿವಿಗೆ ಹೋಗುವ ಮೊದಲೇ ಪರೀಕ್ಷೆ ಶುರುವಾಗಿರುತ್ತದೆ. ಬಾಗಿಲಲ್ಲಿ ನಿಂತೇ ಮೂರು ವಿಷಯ ನೋಡುತ್ತಾರೆ: ಮಗು ಹೇಗೆ ಕಾಣುತ್ತಿದೆ, ಉಸಿರಾಡಲು ಕಷ್ಟಪಡುತ್ತಿದೆಯೇ, ಚರ್ಮದ ಬಣ್ಣ ಹೇಗಿದೆ. ಇದಕ್ಕೆ ಒಂದು ನಿಮಿಷವೂ ಬೇಡ.

ಇದರಲ್ಲಿ ಮೊದಲನೆಯದಕ್ಕೇ ತೂಕ ಜಾಸ್ತಿ. ಡಾಕ್ಟರನ್ನು ಕಂಡು ಜೋರಾಗಿ ಅತ್ತು, ಅಮ್ಮನ ಕುತ್ತಿಗೆ ತಬ್ಬಿಕೊಳ್ಳುವ ಮಗುವಿನ ಬಗ್ಗೆ ಅಷ್ಟು ಭಯ ಇಲ್ಲ. ಯಾರು ಬಂದರೂ ಕಣ್ಣೆತ್ತಿ ನೋಡದೆ, ಸೂಜಿ ಚುಚ್ಚಿದರೂ ಸರಿಯಾಗಿ ಅಳದೆ, ಸಪ್ಪಗೆ ಬಿದ್ದಿರುವ ಮಗುವೇ ಚಿಂತೆಗೆ ಕಾರಣ. ಎಬ್ಬಿಸಿದರೂ ಏಳದ, ಎದ್ದರೂ ಕೂಡಲೇ ಮತ್ತೆ ತೂಕಡಿಸುವ ಮಗುವನ್ನು ಸಾಲು ತಪ್ಪಿಸಿ ಒಳಗೆ ಒಯ್ಯುತ್ತಾರೆ. ನಿಮ್ಮ ಸರದಿ ಹಿಂದೆ ಬಿತ್ತು ಅಂದರೆ ಸಿಟ್ಟಾಗಬೇಡಿ. ಅದು ಒಂದು ರೀತಿಯಲ್ಲಿ ಒಳ್ಳೆಯ ಸುದ್ದಿಯೇ.

ಆಮೇಲೆ ವಯಸ್ಸು, ಅದಾದ ಮೇಲೆ ಥರ್ಮಾಮೀಟರ್

ಸಾಮಾನ್ಯವಾಗಿ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ ಜ್ವರ ಎನ್ನುತ್ತಾರೆ. ಹಣೆ ಮುಟ್ಟಿ ನೋಡುವುದು ಅಂದಾಜಿಗೆ ಸರಿ, ಲೆಕ್ಕಕ್ಕೆ ಸಾಲದು. ಹಣೆಗೆ ಅಂಟಿಸುವ ಪಟ್ಟಿಯನ್ನೂ ನಂಬುವಂತಿಲ್ಲ. ಹಸುಗೂಸಿಗೆ ಕಂಕುಳಲ್ಲಿಡುವ ಡಿಜಿಟಲ್ ಥರ್ಮಾಮೀಟರ್ ವಾಸಿ.

104 ಡಿಗ್ರಿ ಎಂದ ಕೂಡಲೇ ಮನೆಯವರ ಕೈಕಾಲು ನಡುಗುತ್ತವೆ. ಆದರೆ ಆರು ತಿಂಗಳು ದಾಟಿದ ಮಗುವಿನಲ್ಲಿ ಜ್ವರದ ಅಂಕಿಯೊಂದನ್ನೇ ನೋಡಿ ಕಾಯಿಲೆ ಎಷ್ಟು ಗಂಭೀರ ಎಂದು ಹೇಳಲಾಗದು. 104 ಇದ್ದೂ ಆಡುವ ಮಗುವಿಗಿಂತ 101 ಇದ್ದು ಹಾಲು ಕುಡಿಯಲೂ ಒಲ್ಲದ ಮಗು ಹೆಚ್ಚು ಅಪಾಯದಲ್ಲಿರಬಹುದು. ಮೂರು ತಿಂಗಳೊಳಗಿನ ಕೂಸಿನ ಲೆಕ್ಕ ಮಾತ್ರ ಬೇರೆ. ಅದಕ್ಕೆ 38 ಡಿಗ್ರಿ ಆದರೂ ಸಾಕು, ನೋಡಲು ಎಷ್ಟೇ ಚೆನ್ನಾಗಿದ್ದರೂ ತುರ್ತು ಪರೀಕ್ಷೆ ಆಗಬೇಕು. ಆ ವಯಸ್ಸಿನಲ್ಲಿ ಸೋಂಕು ಹೊರಗೆ ಗೊತ್ತೇ ಆಗದಂತೆ ಹಬ್ಬುತ್ತದೆ. ಕೆಲವು ಕೂಸುಗಳ ಮೈ ಬಿಸಿಯಾಗುವ ಬದಲು ತಣ್ಣಗಾಗುವುದೂ ಉಂಟು.

ಉಸಿರು, ನಾಡಿ, ರಕ್ತದ ಓಟ

ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು. ಹತ್ತು ಸೆಕೆಂಡ್ ಎಣಿಸಿ ಆರರಿಂದ ಗುಣಿಸಿದರೆ ಆಗದು, ಕೂಸುಗಳ ಉಸಿರು ಒಂದೇ ಸಮ ಇರುವುದಿಲ್ಲ. ಎರಡು ತಿಂಗಳೊಳಗೆ ನಿಮಿಷಕ್ಕೆ 60, ಒಂದು ವರ್ಷದೊಳಗೆ 50, ಐದು ವರ್ಷದೊಳಗೆ 40 ಮುಟ್ಟಿದರೆ ವೇಗದ ಉಸಿರು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಪಕ್ಕೆ ಒಳಕ್ಕೆ ಎಳೆಯುತ್ತಿದೆಯೇ, ಮೂಗಿನ ಹೊಳ್ಳೆ ಅರಳುತ್ತಿದೆಯೇ, ಉಸಿರಿನ ಜೊತೆ ನರಳುವ ಸದ್ದು ಬರುತ್ತಿದೆಯೇ ಎಂದೂ ನೋಡುತ್ತಾರೆ. ಇದನ್ನು ನೀವು ಮನೆಯಲ್ಲೇ ಅಂಗಿ ಎತ್ತಿ ನೋಡಬಹುದು. ಸಾಧ್ಯವಾದರೆ ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಿ, ವೈದ್ಯರಿಗೆ ತುಂಬಾ ಉಪಯೋಗ.

ಜ್ವರ ಇದ್ದಾಗ ನಾಡಿ ಜೋರಾಗುವುದು ಸಹಜ. ಜ್ವರ ಇಳಿದ ಮೇಲೂ ಹಾಗೇ ಓಡುತ್ತಿದ್ದರೆ ಅನುಮಾನ ಬರುತ್ತದೆ. ಎದೆಯ ನಡುವಿನ ಚರ್ಮವನ್ನು ಐದು ಸೆಕೆಂಡ್ ಒತ್ತಿ ಬಿಟ್ಟು, ಬಣ್ಣ ಮರಳಲು ಎಷ್ಟು ಹೊತ್ತು ಬೇಕಾಯಿತು ಎಂದು ನೋಡುತ್ತಾರೆ. ಎರಡು ಸೆಕೆಂಡಿನೊಳಗೆ ಮರಳಿದರೆ ಸರಿ. ಮೂರು ಅಥವಾ ಹೆಚ್ಚು ಬೇಕಾದರೆ ರಕ್ತದ ಓಟ ಕುಗ್ಗಿರಬಹುದು. ಬೆರಳಿಗೆ ಕ್ಲಿಪ್ ಹಾಕಿ ಆಮ್ಲಜನಕವನ್ನೂ ಅಳೆಯುತ್ತಾರೆ. ಮಕ್ಕಳ ರಕ್ತದೊತ್ತಡ ಇಳಿಯುವುದು ತೀರಾ ತಡವಾಗಿ, ಹಾಗಾಗಿ ಅದು ಸರಿಯಿದೆ ಎಂದು ನಿಶ್ಚಿಂತೆಯಾಗಿ ಕೂರುವಂತಿಲ್ಲ.

ಪ್ರಶ್ನೆಗಳು, ಬಟ್ಟೆ ಬಿಚ್ಚಿ ಪರೀಕ್ಷೆ

ಜ್ವರ ಎಷ್ಟು ದಿನದಿಂದ? ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ? ಎಷ್ಟು ಕುಡಿದಿದೆ? ಯಾವ ಲಸಿಕೆ ಆಗಿದೆ? ಮಲೇರಿಯಾ, ಡೆಂಗಿ ಇರುವ ಕಡೆಯಿಂದ ಬಂದಿರಾ? ಯಾವ ಔಷಧಿ, ಎಷ್ಟು, ಎಷ್ಟು ಗಂಟೆಗೆ ಕೊಟ್ಟಿರಿ? ಕೊನೆಯ ಪ್ರಶ್ನೆಗೆ ಬಾಟಲಿಯನ್ನೇ ತಂದು ತೋರಿಸುವುದು ಉತ್ತಮ. ಡ್ರಾಪ್ಸ್ ಮತ್ತು ಸಿರಪ್‌ನ ಶಕ್ತಿ ಬೇರೆ ಬೇರೆ, 'ಎರಡು ಎಂಎಲ್ ಕೊಟ್ಟೆ' ಎಂದರೆ ಏನೂ ತಿಳಿಯುವುದಿಲ್ಲ. 'ಇವನು ಯಾವತ್ತೂ ಹೀಗಿರೋದಿಲ್ಲ' ಎಂದು ಅಮ್ಮ ಹೇಳಿದರೆ ಅನುಭವಿ ವೈದ್ಯರು ಅದನ್ನು ತಳ್ಳಿಹಾಕುವುದಿಲ್ಲ. ಹೇಳಲು ಹಿಂಜರಿಯಬೇಡಿ.

ಪರೀಕ್ಷೆಗೆ ಬಟ್ಟೆ, ಡಯಾಪರ್ ಎಲ್ಲ ಬಿಚ್ಚಲೇಬೇಕು. ಹುಡುಕುತ್ತಿರುವುದು ಮುಖ್ಯವಾಗಿ ದದ್ದು. ಗಾಜಿನ ಲೋಟವನ್ನು ಚರ್ಮಕ್ಕೆ ಒತ್ತಿದಾಗ ಮಾಸದೆ ಹಾಗೇ ಕಾಣುವ ಕೆಂಪು-ನೇರಳೆ ಚುಕ್ಕೆ ಮೆನಿಂಗೊಕಾಕಸ್ (ಮೆದುಳಿನ ಪೊರೆಗೂ ರಕ್ತಕ್ಕೂ ಸೋಂಕು ತರುವ ಬ್ಯಾಕ್ಟೀರಿಯಾ) ಸೋಂಕಿನ ಗುರುತಾಗಿರಬಹುದು. ಅದು ಕಂಡರೆ ಒಂದು ನಿಮಿಷವೂ ಕಾಯುವಂತಿಲ್ಲ. ಕಪ್ಪು ಚರ್ಮದಲ್ಲಿ ಚುಕ್ಕೆ ಬೇಗ ಕಾಣದು, ಅಂಗೈ ಅಂಗಾಲು ನೋಡಬೇಕು. ಕೂಸಿನ ನೆತ್ತಿ ಉಬ್ಬಿದೆಯೇ, ಕುತ್ತಿಗೆ ಬಿಗಿದಿದೆಯೇ, ಕೀಲು ಊದಿದೆಯೇ, ಯಾವುದಾದರೂ ಕಾಲು ಊರಲು ಒಲ್ಲೆ ಎನ್ನುತ್ತಿದೆಯೇ ಎಂದು ನೋಡುತ್ತಾರೆ. ಕಿವಿ, ಗಂಟಲು ಕೊನೆಗೆ, ಏಕೆಂದರೆ ಅಲ್ಲಿಂದ ಮುಂದೆ ಮಗು ಸಹಕರಿಸುವುದಿಲ್ಲ.

ಯಾರಿಗೆ ಯಾವ ಟೆಸ್ಟ್?

ಚಿಕಿತ್ಸೆಯ ಮಾರ್ಗಸೂಚಿ ರೂಪಿಸುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ ಐದು ವರ್ಷದೊಳಗಿನ ಮಕ್ಕಳ ಜ್ವರಕ್ಕೆ ಟ್ರಾಫಿಕ್ ದೀಪದಂತೆ ಹಸಿರು, ಹಳದಿ, ಕೆಂಪು ಎಂದು ಲಕ್ಷಣಗಳನ್ನು ವಿಂಗಡಿಸಿದೆ. ಹಸಿರಾದರೆ ರಕ್ತಪರೀಕ್ಷೆ ಬೇಡ, ಮನೆಗೆ ಹೋಗಬಹುದು. ಜ್ವರದ ಮೂಲ ಸಿಗದಿದ್ದರೆ ಮೂತ್ರ ಪರೀಕ್ಷೆ ಮಾಡಿಸುತ್ತಾರೆ, ಏಕೆಂದರೆ ಮಾತು ಬಾರದ ಕೂಸಿಗೆ ಮೂತ್ರದ ಸೋಂಕಾದರೆ ಜ್ವರ ಬಿಟ್ಟು ಬೇರೇನೂ ಕಾಣದೆ ಇರಬಹುದು. ಕೆಂಪಾದರೆ ರಕ್ತಕಣಗಳ ಎಣಿಕೆ, ಸಿಆರ್‌ಪಿ (ಉರಿಯೂತ ಎಷ್ಟಿದೆ ಎಂದು ತೋರಿಸುವ ರಕ್ತಪರೀಕ್ಷೆ), ಕಲ್ಚರ್ (ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆ). ಒಂದು ತಿಂಗಳೊಳಗಿನ ಕೂಸಿಗೆ ಬೆನ್ನಿನಿಂದ ನೀರು ತೆಗೆಯುವುದೂ ಸಾಮಾನ್ಯ. ಹೆಸರು ಕೇಳಿ ಹೆದರುವವರೇ ಹೆಚ್ಚು, ಆದರೆ ಮೆದುಳಿನ ಪೊರೆಯ ಸೋಂಕನ್ನು ಖಚಿತವಾಗಿ ತಿಳಿಯಲು ಬೇರೆ ದಾರಿ ಇಲ್ಲ. ಸೆಪ್ಸಿಸ್ ಅನುಮಾನ ಬಲವಾಗಿದ್ದರೆ ರಿಪೋರ್ಟ್ ಕಾಯದೆ ಆ್ಯಂಟಿಬಯಾಟಿಕ್ ಶುರು ಮಾಡುತ್ತಾರೆ.

ಹಳದಿಯವರದೇ ಕಷ್ಟ. ಅವರನ್ನು ಕೆಲವು ಗಂಟೆ ಕೂರಿಸಿ, ಪ್ಯಾರಸಿಟಮಾಲ್ ಕೊಟ್ಟು, ಕುಡಿಸಿ, ಮತ್ತೆ ನೋಡುತ್ತಾರೆ. ಸುಮ್ನೆ ಕಾಯಿಸುತ್ತಿದ್ದಾರೆ ಅನ್ನಿಸುತ್ತದೆ ಅಲ್ವಾ? ಅದೂ ಒಂದು ಪರೀಕ್ಷೆಯೇ. ಔಷಧಿಗೆ ಜ್ವರ ಇಳಿದ ಮಾತ್ರಕ್ಕೆ ಕಾಯಿಲೆ ಸಣ್ಣದು ಎಂದು ಅರ್ಥವಲ್ಲ. ಮಗು ಗೆಲುವಾಯಿತೇ, ಉಸಿರು ನಿಧಾನವಾಯಿತೇ ಎಂಬುದೇ ಮುಖ್ಯ.

ಮನೆಗೆ ಕಳಿಸುವ ಮುನ್ನ

ಪ್ಯಾರಸಿಟಮಾಲ್ ತೂಕದ ಲೆಕ್ಕದಲ್ಲಿ: ಸಾಮಾನ್ಯವಾಗಿ ಕಿಲೋಗೆ 15 ಮಿಲಿಗ್ರಾಂ, ಎರಡು ಡೋಸ್ ನಡುವೆ ಕನಿಷ್ಠ 4ರಿಂದ 6 ಗಂಟೆ, ದಿನಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ ಬೇಡ. ಮೂರು ತಿಂಗಳೊಳಗಿನ ಕೂಸಿಗೆ ವೈದ್ಯರನ್ನು ಕೇಳದೆ ಕೊಡಬಾರದು. ಆಸ್ಪಿರಿನ್ ಬೇಡವೇ ಬೇಡ, ಡೆಂಗಿ ಅನುಮಾನ ಇದ್ದರೆ ಐಬುಪ್ರೊಫೆನ್ ಕೂಡ ಬೇಡ. ಒದ್ದೆ ಬಟ್ಟೆಯಲ್ಲಿ ಮೈ ಒರೆಸುವುದರಿಂದ ಮಗು ನಡುಗುತ್ತದೆಯೇ ಹೊರತು ಹೆಚ್ಚು ಲಾಭವಿಲ್ಲ. ಜ್ವರದ ಔಷಧಿ ಫಿಟ್ಸ್ ತಡೆಯುತ್ತದೆ ಎಂಬ ನಂಬಿಕೆಗೂ ಆಧಾರ ಇಲ್ಲ.

ಕುಡಿಯುವುದು ಬಿಟ್ಟರೆ, ಮೂತ್ರ ಕಡಿಮೆಯಾದರೆ, ಉಸಿರು ಜೋರಾದರೆ, ಮಾಸದ ಚುಕ್ಕೆ ಕಂಡರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಿದ್ದರೆ ಕೂಡಲೇ ವಾಪಸ್ ಬನ್ನಿ, ರಾತ್ರಿಯಾದರೂ ಸರಿ. ಐದು ದಿನ ಕಳೆದರೂ ಜ್ವರ ಬಿಡದೆ, ಕಣ್ಣು, ತುಟಿ, ನಾಲಿಗೆ ಕೆಂಪಾಗಿದ್ದರೆ ಕವಾಸಾಕಿ ಕಾಯಿಲೆ ಇರಬಹುದೇ ಎಂದು ನೋಡಬೇಕಾಗುತ್ತದೆ. ಅದು ಹೃದಯದ ರಕ್ತನಾಳಗಳನ್ನು ಕೆಡಿಸಬಲ್ಲದು, ಹತ್ತು ದಿನದೊಳಗೆ ಚಿಕಿತ್ಸೆ ಶುರುವಾದರೆ ಆ ಅಪಾಯ ಬಹಳಷ್ಟು ತಗ್ಗುತ್ತದೆ.