ಹಳೇ ಪ್ಲೇನರ್ ಮರ ಎಳೀತಿಲ್ವಾ? ಮೊದಲು ರೋಲರ್ ನೋಡಿ

ಸೆಕೆಂಡ್ ಹ್ಯಾಂಡ್ ಥಿಕ್‌ನೆಸ್ ಪ್ಲೇನರ್ (ಹಲಗೆಯನ್ನು ಒಂದೇ ದಪ್ಪಕ್ಕೆ ಕೆತ್ತುವ ಮೆಷಿನ್) ಹಲಗೆ ಎಳೆಯುತ್ತಿಲ್ಲ ಅಂದರೆ ಎಲ್ಲರಿಗೂ ಮೊದಲು ಅನುಮಾನ ಬರೋದು ಮೋಟಾರ್ ಮೇಲೆ. ನನಗೂ ಹಾಗೇ ಆಯಿತು. ಮೈಸೂರಿನಲ್ಲಿ ಬಾಗಿಲು ಹಾಕಿದ ಒಂದು ವರ್ಕ್‌ಶಾಪಿನಿಂದ ಮೆಷಿನ್ ತೆಗೆದುಕೊಂಡು ಮಂಡ್ಯಕ್ಕೆ ತಂದಿದ್ದೆ, ಮೊದಲ ದಿನವೇ ಹಲಸಿನ ಹಲಗೆ ಅರ್ಧಕ್ಕೆ ನಿಂತುಹೋಯಿತು. ಪ್ಲಗ್ ಕಿತ್ತು ಕವರ್ ತೆಗೆದರೆ, ಹಲಗೆಯನ್ನು ಒಳಗೆ ಎಳೆಯುವ ಮುಂದಿನ ರೋಲರಿನ ಹಲ್ಲುಗಳೇ ಕಾಣುತ್ತಿಲ್ಲ. ಮರದ ಅಂಟು, ಹೊಟ್ಟು ಸೇರಿ ಕಪ್ಪಗೆ ಮೆತ್ತಿಕೊಂಡಿತ್ತು. ಉಗುರಲ್ಲಿ ಕೆರೆದರೆ ಸುರುಳಿಯಾಗಿ ಬಂತು.

ಕಬ್ಬಿಣದ ರೋಲರ್ ಆದರೆ ಟರ್ಪೆಂಟೈನ್ ಹಚ್ಚಿ ಹತ್ತು ನಿಮಿಷ ಬಿಟ್ಟು ಹಿತ್ತಾಳೆ ಬ್ರಷ್‌ನಲ್ಲಿ ಉಜ್ಜಿ. ರಬ್ಬರ್ ರೋಲರಿಗೆ ಮಾತ್ರ ಅದು ಬೇಡ, ರಬ್ಬರ್ ಊದಿಕೊಳ್ಳುತ್ತದೆ, ಸೋಪು ನೀರಿನ ಬಟ್ಟೆ ಸಾಕು. ಆಮೇಲೆ ಬೆಡ್ (ಹಲಗೆ ಜಾರಿಕೊಂಡು ಹೋಗುವ ಕೆಳಗಿನ ಮೇಜು) ಒರೆಸಿ ಬಿಳಿ ಮೇಣದಬತ್ತಿ ತಿಕ್ಕಿ, ಒಣ ಬಟ್ಟೆಯಲ್ಲಿ ಉಜ್ಜಿ. ಎಣ್ಣೆ ಹಚ್ಚಬೇಡಿ, ಮರಕ್ಕೆ ಹತ್ತಿದರೆ ಪಾಲಿಶ್ ಕೂರಲ್ಲ. ನನ್ನ ಮೆಷಿನ್ ಇಷ್ಟಕ್ಕೇ ಸರಿಹೋಯಿತು.

ಆಗಲೂ ಎಳೆಯದಿದ್ದರೆ ಬೆಲ್ಟ್ ಸಡಿಲವಾಗಿದೆಯಾ ನೋಡಿ, ಒಂದೇ ಸಲಕ್ಕೆ ಜಾಸ್ತಿ ಕೆತ್ತುತ್ತಿದ್ದೀರಾ ನೋಡಿ. ತೇಗ, ಹೊನ್ನೆಯಂಥ ಮರದ ಅಗಲ ಹಲಗೆಗೆ ಒಂದು ಮಿಲಿಮೀಟರ್‌ಗಿಂತ ಹೆಚ್ಚು ಕೊಡಬೇಡಿ.

ಇನ್ನು ಬ್ಲೇಡ್. ಇದಕ್ಕೆ ನಿಧಾನ ಬೇಕು. ಮೊಂಡಾದ ಬ್ಲೇಡು ಕೆತ್ತಲ್ಲ, ಮರವನ್ನು ಜಜ್ಜುತ್ತದೆ. ಮೇಲ್ಮೈ ಹೊಳೆಯುತ್ತದೆ, ಕೆಲವು ಕಡೆ ಸುಟ್ಟ ಗುರುತೂ ಬೀಳುತ್ತದೆ, ಸದ್ದು ದಪ್ಪವಾಗುತ್ತದೆ. ಹಲಗೆಯ ಉದ್ದಕ್ಕೂ ನೂಲಿನಂಥ ಉಬ್ಬು ಗೆರೆ ಬಂತು ಅಂದರೆ, ಆ ಜಾಗದಲ್ಲಿ ಬ್ಲೇಡಿನ ಅಂಚು ಮುರಿದಿದೆ, ಬಹುಶಃ ಹಳೇ ಬಾಗಿಲ ಮರದೊಳಗಿನ ಮೊಳೆ ತಗುಲಿರುತ್ತದೆ. ಸಾಣೆಗೆ ಕೊಡುವಷ್ಟು ಪುರುಸೊತ್ತು ಇಲ್ಲದಿದ್ದರೆ, ನಿಮ್ಮ ಮೆಷಿನ್‌ನಲ್ಲಿ ಜಾಗ ಇದ್ದರೆ, ಒಂದು ಬ್ಲೇಡನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಬಿಗಿ ಮಾಡಿ. ಒಂದರ ಮುರುಕನ್ನು ಇನ್ನೊಂದು ಕೆತ್ತಿಕೊಂಡು ಹೋಗುತ್ತದೆ, ಗೆರೆ ಮಾಯ. ಸಾಣೆ ಹಿಡಿಸುವಾಗ ಎಲ್ಲ ಬ್ಲೇಡನ್ನೂ ಒಟ್ಟಿಗೇ ಹಿಡಿಸಿ, ಒಂದರ ತೂಕ ಕಡಿಮೆಯಾದರೂ ಮೆಷಿನ್ ಅದುರುತ್ತದೆ. ಮತ್ತೆ ಕೂರಿಸಿದ ಮೇಲೆ ಪ್ರತಿ ಬೋಲ್ಟನ್ನೂ ಎರಡು ಸಲ ಮುಟ್ಟಿ ನೋಡಿ. ಆ ವೇಗದಲ್ಲಿ ಬ್ಲೇಡು ಕಳಚಿದರೆ ಏನಾಗುತ್ತೆ ಅಂತ ಹೇಳಬೇಕಾಗಿಲ್ಲ ಅಲ್ವಾ. ಬ್ಲೇಡ್ ಮುಟ್ಟುವಾಗ ಕೈಗೆ ದಪ್ಪ ಗ್ಲೌಸ್ ಇರಲಿ, ಆದರೆ ಮೆಷಿನ್ ಓಡುವಾಗ ಅದೇ ಗ್ಲೌಸ್ ಬಿಚ್ಚಿಡಿ, ಸಿಕ್ಕಿಕೊಂಡರೆ ಕೈಯನ್ನೂ ಎಳೆಯುತ್ತದೆ.

ಹಲಗೆಯ ತುದಿಯಲ್ಲಿ ಎರಡು ಮೂರು ಇಂಚು ಜಾಸ್ತಿ ಕೆತ್ತಿ ತಗ್ಗು ಬೀಳುತ್ತಾ? ಬ್ಲೇಡಿನ ಹಿಂದೊಂದು ಮುಂದೊಂದು ರೋಲರ್ ಇದ್ದರೂ ಆ ತುದಿಯನ್ನು ಒಂದೇ ರೋಲರ್ ಹಿಡಿದಿರುತ್ತದೆ, ಹೊರಗಿರುವ ಭಾರಕ್ಕೆ ಹಲಗೆ ಏಳುತ್ತದೆ. ಆಚೆ ಕಡೆ ಯಾರಾದರೂ ಸ್ವಲ್ಪ ಎತ್ತಿ ಹಿಡಿದರೆ ಸಾಕು. ತುಂಡು ಹಲಗೆ ಹಾಕಲೇಬೇಡಿ, ಎರಡು ರೋಲರ್‌ಗಳ ನಡುವಿನ ಅಂತರಕ್ಕಿಂತ ಚಿಕ್ಕದು ಒಳಗೇ ಸಿಕ್ಕಿಕೊಳ್ಳುತ್ತದೆ.

ಮೂರು ಫೇಸ್ ಮೋಟಾರ್ ಹೊಸ ಜಾಗದಲ್ಲಿ ಉಲ್ಟಾ ತಿರುಗಿದರೆ ಗಾಬರಿ ಬೇಡ, ಎಲೆಕ್ಟ್ರಿಷಿಯನ್ ಕೈಲಿ ಯಾವುದಾದರೂ ಎರಡು ಫೇಸ್ ವೈರ್ ಅದಲು ಬದಲು ಮಾಡಿಸಿ.

ಕೊನೆಗೆ ಬೇರಿಂಗ್. ಪ್ಲಗ್ ಕಿತ್ತು, ಬೆಲ್ಟ್ ಬಿಚ್ಚಿ, ಪುಲ್ಲಿ ಹಿಡಿದು ನಿಧಾನ ತಿರುಗಿಸಿ. ಬೆರಳಿಗೆ ಮರಳು ಅರೆದಂತೆ ಗರಗರ ಅನ್ನಿಸಿದರೆ ಬದಲಿಸಬೇಕು. ನಂಬರ್ ಬೇರಿಂಗ್ ಮೇಲೇ ಕೊರೆದಿರುತ್ತದೆ, ಅಳಿಸಿಹೋಗಿದ್ದರೆ ಹಳೆಯದನ್ನೇ ಅಂಗಡಿಗೆ ಒಯ್ದು ಅಳತೆ ಹಿಡಿಸಿ ತನ್ನಿ.